40 ಕುರಿ: ಶೆಡ್ ಹಾಕಲೋ, ಹೊರಗೆ ಮೇಯಿಸಲೋ?

ಶಿರಹಟ್ಟಿ ಹುಡುಗ: ನಾಲ್ಕು ಎಕರೆ ಹೊಲ, ಬೋರ್‌ವೆಲ್‌ನಲ್ಲಿ ಎರಡಿಂಚು ನೀರು ಇದೆ. 40 ಕುರಿ ತರಬೇಕು ಅಂತಿದ್ದೇನೆ. ಶೆಡ್ಡಿನಲ್ಲಿ ಕಟ್ಟಿ ಮೇಯಿಸಲೋ, ಹೊರಗೆ ಹೊಡೆಯಲೋ? ಮಾಡಿದವರು ಹೇಳಿ.

ಸವಣೂರಿನವ: ಶೆಡ್ ಸುದ್ದಿಗೇ ಹೋಗಬೇಡ ತಮ್ಮಾ. 2021ರಲ್ಲಿ ನೆಲದಿಂದ ಎತ್ತರಕ್ಕೆ ಹಲಗೆ ಹಾಸಿದ ಅಟ್ಟಣಿಗೆ ಶೆಡ್ ಹಾಕಿಸಿದೆ. ಹಲಗೆ, ಪತ್ರಾ, ವೆಲ್ಡಿಂಗ್ ಕೂಲಿ ಸೇರಿ 4 ಲಕ್ಷ 35 ಸಾವಿರ. ಆಗಿನ್ನೂ ಒಂದು ಕುರಿ ಬಂದಿರಲಿಲ್ಲ! ಕೆರೂರು ಸಂತೆಯಿಂದ 30 ಯಳಗ ತಳಿ ಕುರಿ ತಂದೆ, ಒಂದಕ್ಕೆ 9,200. ದಲ್ಲಾಳಿ, ಗಾಡಿ ಬಾಡಿಗೆ ಬೇರೆ. ಮೂರನೇ ತಿಂಗಳು ಕೆಲಸದ ಹುಡುಗ ಗೋವಿನಜೋಳದ ಚೀಲದ ಬಾಯಿ ಕಟ್ಟದೆ ಜಾತ್ರೆಗೆ ಹೋದ. ರಾತ್ರಿ ಕುರಿ ನುಗ್ಗಿ ತಿಂದವು, ಕಾಳು ಹೆಚ್ಚಾಗಿ ಹೊಟ್ಟೆ ಕೆಟ್ಟಿತು. ಅಡುಗೆ ಸೋಡಾ ಕುಡಿಸಿದೆವು, ಆದರೂ ಬೆಳಗ್ಗೆ ಏಳು, ಸಂಜೆಗೆ ಇನ್ನೆರಡು ಹೋದವು. ಉಳಿದವನ್ನು ಬಂದ ಬೆಲೆಗೆ ಮಾರಿದೆ. ಈಗ ಅಲ್ಲಿ ಬೈಕ್ ನಿಲ್ಲಿಸುತ್ತೇನೆ.

ರೋಣದ ಕುರಿಗಾರ: ಅದು ಶೆಡ್ಡಿನ ತಪ್ಪಲ್ಲ ಅಣ್ಣಾ, ಚೀಲದ ತಪ್ಪು. ನಮ್ಮದು ಅಜ್ಜನ ಕಾಲದ ಹಿಂಡು, 180 ದಖ್ಖನಿ ತಳಿ ಕುರಿ. ಸುಗ್ಗಿ ಮುಗಿದರೆ ಗಂಗಾವತಿ ಕಡೆ ಭತ್ತದ ಗದ್ದೆಗೆ ಹೊರಡುತ್ತೇವೆ. ಹಿಕ್ಕೆ ಗೊಬ್ಬರಕ್ಕೆ ಅಂತ ಒಂದು ರಾತ್ರಿ ಹಿಂಡನ್ನು ಗದ್ದೆಯಲ್ಲಿ ತರುಬಿದರೆ (ನಿಲ್ಲಿಸಿದರೆ) ಗದ್ದೆಯವರು ಹೋದ ವರ್ಷ 900 ರೂಪಾಯಿ ಕೊಟ್ಟರು, ಮೇಲೆ ಅಕ್ಕಿ. ಹಿಕ್ಕೆಗೆ ಇರೋ ಬೆಲೆ ಉಣ್ಣೆಗಿಲ್ಲ. ವರ್ಷಕ್ಕೆ ಎರಡು ಸಲ ಕೂಲಿ ಕೊಟ್ಟು ಕತ್ತರಿಸಿ, ಬದುವಿಗೆ ಚೆಲ್ಲಿ ಬರುತ್ತೇವೆ. ಅಜ್ಜನಿಗೆ ಕಂಬಳಿ ನೇಯುವವರು ಮುಂಗಡ ಕೊಡುತ್ತಿದ್ದರಂತೆ! ನೀಲಿನಾಲಿಗೆ ರೋಗ ಬಂದ ವರ್ಷ ಮೂತಿ ಊದಿ 41 ಸತ್ತವು. ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ 5,000 ಪರಿಹಾರ ಇತ್ತು, ಆದರೆ ಪೋಸ್ಟ್‌ಮಾರ್ಟಂ ಆಗಬೇಕು. ಊರು ಬಿಟ್ಟು ಅಡವಿಯಲ್ಲಿದ್ದವರಿಗೆ ಡಾಕ್ಟರ್ ಎಲ್ಲಿ? ಎರಡಕ್ಕೆ ಮಾತ್ರ ಬಂತು. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡವೂ 2019ರಲ್ಲಿ ವನ್ಯಜೀವಿಧಾಮ ಆಯ್ತು, ಆ ಕಡೆ ಹೊಡೆಯೋಕೂ ಈಗ ಹೆದರಿಕೆ.

ಕುಂದಗೋಳದ ರೈತ: 900 ಅಂತೀರಲ್ಲ, ನನ್ನ ಹೊಲಕ್ಕೆ ಬಂದವರು 200 ಕುರಿ ಅಂತ ದುಡ್ಡು ಇಸಕೊಂಡರು. ಬೆಳಗ್ಗೆ ಎಣಿಸಿದರೆ 140! ಬದುವಿನ ಜಾಲಿಗೆ ಟೊಂಗೆ ಉಳಿಸಲಿಲ್ಲ. ಪಕ್ಕದವನ ಕಡಲೆ ಮೇದದ್ದಕ್ಕೆ 2,500 ದಂಡ ಕಟ್ಟಿದವನು ನಾನು.

ರೋಣದ ಕುರಿಗಾರ: ತರುಬುವ ಮುಂಚೆ ಎಣಿಸಬೇಕಿತ್ತು ರೀ. ಯಾರೋ ಮಾಡಿದ್ದಕ್ಕೆ ಕುರಿಗಾರರನ್ನೆಲ್ಲ ಯಾಕೆ ಅಂತೀರಿ? ಮುಂದಿನ ವರ್ಷ ಯೂರಿಯಾನೇ ಹಾಕಿಕೊಳ್ಳಿ.

ಹಾವೇರಿ ಅಕ್ಕ: ನನಗೆ ಶೆಡ್ಡೂ ಇಲ್ಲ, ಹಿಂಡೂ ಇಲ್ಲ. ಸಂಘದ ಸಾಲದಲ್ಲಿ ಆರು ಟಗರು ಮರಿ ತಂದೆ, 6,500ರಂತೆ. ಹಿತ್ತಲಲ್ಲಿ ಕಟ್ಟಿ ಶೇಂಗಾ ಹೊಟ್ಟು, ನುಚ್ಚು ಹಾಕಿದೆ. ಒಂದನ್ನು ಕಳ್ಳರು ಒಯ್ದರು. ಉಳಿದ ಐದು ಬಕ್ರೀದ್‌ಗೆ 82,000ಕ್ಕೆ ಹೋದವು.

ಸವಣೂರಿನವ: ಐದಾರು ಮರಿ ಸಾಕೋದು ಹವ್ಯಾಸ ಅಕ್ಕಾ, ಧಂದೆ ಅಲ್ಲ.

ಹಾವೇರಿ ಅಕ್ಕ: ಹವ್ಯಾಸದ ದುಡ್ಡಲ್ಲೇ ಮಗಳ ಡಿಪ್ಲೊಮಾ ಫೀ ಕಟ್ಟಿದ್ದೇನೆ. ನಿಮ್ಮ ಶೆಡ್ಡಿನ ಬೈಕು ಎಷ್ಟು ಮರಿ ಹಾಕಿದೆ?

ಶಿರಹಟ್ಟಿ ಹುಡುಗ: ಎರಡಿಂಚು ನೀರಿಗೆ 40 ಕುರಿಯ ಮೇವು ಬೆಳೆಯುತ್ತಾ? ಅದನ್ನ ಯಾರೂ ಹೇಳಲಿಲ್ಲ.

ಸವಣೂರಿನವ: ತಮ್ಮಾ, ಪತ್ರಾ, ಹಲಗೆ ಬೇಕಾದರೆ ಹೇಳು. ಅರ್ಧ ಬೆಲೆಗೆ ಕೊಡ್ತೇನೆ.