ಮಾಚು ಪಿಚುವಿನ ನೀರಿಗೆ ‘ಕಾರಂಜಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಇಂಕಾ ಜನರು ಬೆಟ್ಟದ ಮೇಲೆ ನೀರು ತಂದ ಬಗೆಯನ್ನು ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಪೆರುವಿನಲ್ಲಿ ಅವರು ಬೆಟ್ಟದ ಮೇಲೆ ಕಟ್ಟಿದ ಮಾಚು ಪಿಚು ಎಂಬ ಹಳೆಯ ಊರಿನಲ್ಲಿ ಒಂದರ ಕೆಳಗೊಂದು 16 ‘ಫೌಂಟನ್’ಗಳಿವೆ. ಇವನ್ನು ಕನ್ನಡದಲ್ಲಿ ಏನೆನ್ನೋಣ?

ನಿಘಂಟಿನಲ್ಲಿ ಕಾರಂಜಿ, ಚಿಲುಮೆ ಎಂದಿದೆ. ಎರಡೂ ಒಗ್ಗುತ್ತಿಲ್ಲ. ಕಾರಂಜಿ ಅಂದರೆ ನೀರು ಮೇಲಕ್ಕೆ ಚಿಮ್ಮಬೇಕು, ಅಲ್ವಾ? ಚಿಲುಮೆ ನೆಲದಿಂದ ಉಕ್ಕುವಂಥದ್ದು. ಅದು ಅಲ್ಲಿ ಬೇರೆಯೇ ಇದೆ, ಊರಿನಿಂದಾಚೆ ಬೆಟ್ಟದ ಬಡಗಣ ಇಳಿಜಾರಿನಲ್ಲಿ. ಅಲ್ಲಿಂದ 749 ಮೀಟರ್ ಉದ್ದದ ಕಲ್ಲಿನ ಕಾಲುವೆಯಲ್ಲಿ ನೀರು ಊರಿಗೆ ಬರುತ್ತದೆ. ಇಳಿಜಾರು 100 ಮೀಟರಿಗೆ ಹೆಚ್ಚುಕಡಿಮೆ 3 ಮೀಟರ್ ಅಷ್ಟೇ.

ಊರೊಳಗೆ ಆ ನೀರು ಕಲ್ಲಿನ ಅಂಚಿನಲ್ಲಿ ಕೊರೆದ ಸಣ್ಣ ಬಾಯಿಯಿಂದ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಗೋಡೆಗೆ ಅಂಟಿಕೊಂಡು ಇಳಿಯದೆ, ಧಾರೆ ತುಸು ಮುಂದಕ್ಕೆ ಹಾರಿ ಕೊಡದ ಬಾಯಿಗೇ ಬೀಳಲಿ ಎಂದು ಹಾಗೆ ಕೊರೆದಿದ್ದಾರೆ. ತೊಟ್ಟಿಯಿಂದ ಹೊರಟ ನೀರು ಮುಂದಿನ ತೊಟ್ಟಿಗೆ. ಮೊದಲನೆಯ ಧಾರೆ ಅರಸನ ಮನೆಯ ಪಕ್ಕದಲ್ಲೇ ಇದೆ, ಯಾರೂ ಮುಟ್ಟದ ನೀರು ಅವನಿಗೆ.

ನನಗೆ ಹೊಳೆದದ್ದು ಮಲೆನಾಡಿನ ‘ಅಬ್ಬಿ’. ಗುಡ್ಡದ ಒರತೆಯ ನೀರನ್ನು ಅಡಿಕೆ ದಂಬೆಯಲ್ಲಿ (ಅಡಿಕೆ ಮರವನ್ನು ಸೀಳಿ ಮಾಡಿದ ತೋಡಿನಲ್ಲಿ) ಹಾಯಿಸಿ ಹಿತ್ತಲಿಗೆ ತರುತ್ತಾರಲ್ಲ, ಅದು. ದಂಬೆಯ ತುದಿಯಲ್ಲಿ ಧಾರೆ, ಅದರಡಿ ಕೊಡ. ದಂಬೆಯ ಬದಲು ಕಲ್ಲು ಇಟ್ಟರೆ ಮಾಚು ಪಿಚುವಿನದೇ ಕೆಲಸ.

ಇನ್ನೊಂದು ಸಂಗತಿ ನೋಡಿ ತುಂಬ ಖುಷಿಯಾಯಿತು. ಇಂಕಾ ಜನರ ಕೆಚುವಾ ನುಡಿಯಲ್ಲಿ ‘ಪಕ್ಚ’ ಎಂಬ ಪದವಿದೆ. ಜಲಪಾತಕ್ಕೂ ಅದೇ, ಹೀಗೆ ಬೀಳುವಂತೆ ಮಾಡಿದ ಧಾರೆಗೂ ಅದೇ. ನಮ್ಮ ಅಬ್ಬಿಯೂ ಹಾಗೇ. ಮಡಿಕೇರಿಯ ಹತ್ತಿರ ಧುಮ್ಮಿಕ್ಕುವುದೂ ಅಬ್ಬಿ, ಹಿತ್ತಲಲ್ಲಿ ಕೊಡ ತುಂಬಿಸುವುದೂ ಅಬ್ಬಿ.

ಆದರೆ ಬಯಲುಸೀಮೆಯ ಓದುಗರಿಗೆ ಅಬ್ಬಿ ಅಂದರೆ ಜಲಪಾತ ಮಾತ್ರ ನೆನಪಾಗಬಹುದು. ‘16 ಅಬ್ಬಿಗಳು’ ಅಂತ ಬರೆದರೆ ದಾರಿ ತಪ್ಪುತ್ತಾರಾ? ಮೊದಲ ಸಲ ‘ಅಬ್ಬಿಧಾರೆ’ ಎಂದು ಬರೆದು ಮುಂದೆ ಬರೀ ಅಬ್ಬಿ ಅನ್ನಬಹುದಾ? ನಿಮ್ಮ ಊರಲ್ಲಿ ಇದಕ್ಕೆ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ.

ಹಾಗೇ, ಆ ಕಾಲುವೆಯ ಅಗಲ ಒಂದು ಗೇಣೂ ಇಲ್ಲ. ‘ಕಾಲುವೆ’ ಅಂದ ಕೂಡಲೇ ತುಂಗಭದ್ರಾ ನಾಲೆಯಂಥದ್ದು ಕಣ್ಮುಂದೆ ಬರುತ್ತದೆ. ‘ಕಿರುಗಾಲುವೆ’ ಸಾಕಾ?