ಹೌಎವರ್ ಕೆಳಗಿನ ಗೆರೆ ಹೋಗುತ್ತಲೇ ಇಲ್ಲ, ಯಾರಾದರೂ ಹೇಳಿ

ಶಿರಾಗೇಟ್, ತುಮಕೂರು: ಸಾಕಾಗಿಹೋಗಿದೆ. ಕೊಳವೆಬಾವಿ ವರದಿ ಬರೆಯುತ್ತಿದ್ದೇನೆ. "ಬಟ್" ಅಂತ ಬರೆದರೆ ಸಾಹೇಬರು "ಸ್ವಲ್ಪ ಫಾರ್ಮಲ್ ಆಗಿರಲಿ" ಎನ್ನುತ್ತಾರೆ. ಎಲ್ಲವನ್ನೂ "ಹೌಎವರ್" ಮಾಡಿದೆ. ಈಗ ಕಂಪ್ಯೂಟರ್ ಗೆರೆ ಎಳೆಯುತ್ತಿದೆ. ಸ್ಪೆಲಿಂಗ್ ಸರಿಯಿದೆ, ಮೂರು ಸಲ ನೋಡಿದ್ದೇನೆ.

ಕೋಲಾರದ ಕೀಲಿಮಣೆ: ಯು.ಎಸ್. ಇಂಗ್ಲಿಷಾ, ಯು.ಕೆ.ನಾ? ಅದೇ ತೊಂದರೆ. ಬದಲಾಯಿಸಿ.

ಶಿರಾಗೇಟ್: ಬದಲಾಯಿಸಿದೆ. ಗೆರೆ ಅಲ್ಲೇ ಕೂತಿದೆ.

ಕೋಲಾರದ ಕೀಲಿಮಣೆ: ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ.

ನಂದಿಗಾಳಿ, ಚಿಕ್ಕಬಳ್ಳಾಪುರ: ರೀಸ್ಟಾರ್ಟ್ ಬಿಡಿ ಸಾರ್. ಮೊದಲು ವಾಕ್ಯ ಹಾಕಿ.

ಶಿರಾಗೇಟ್: "ದಿ ರೈನ್ಸ್ ಫೇಲ್ಡ್, ಹೌಎವರ್ ದಿ ರಾಗಿ ಸರ್ವೈವ್ಡ್."

ನಂದಿಗಾಳಿ: ಇಷ್ಟೇನಾ! "ಬಟ್" ಎರಡು ವಾಕ್ಯಗಳನ್ನು ಜೋಡಿಸುತ್ತದೆ. "ಹೌಎವರ್"ಗೆ ಆ ಕೆಲಸ ಬರೋದಿಲ್ಲ, ಅದು ಅಡ್ವರ್ಬ್. ಅದರ ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಇಡಿ, ಮುಂದೆ ಕಾಮಾ. "ಮೋರ್‌ಓವರ್", "ನೆವರ್‌ದಿಲೆಸ್" ಕೂಡ ಇದೇ ಜಾತಿ. "ವೇರ್‌ಆ್ಯಸ್" ಮಾತ್ರ ಬೇರೆ. ಅದು ತಾನೇ ಜೋಡಿಸುತ್ತದೆ, ಹಿಂದೆ ಬರೀ ಕಾಮಾ ಸಾಕು.

ಚಿಂತಾಮಣಿ ಟೊಮೆಟೊ: ಈಗಿನ ಕಾಲದಲ್ಲಿ ಸೆಮಿಕೋಲನ್ ಯಾರು ಹಾಕುತ್ತಾರೆ? ಸುಮ್ನೆ ಫುಲ್‌ಸ್ಟಾಪ್ ಇಡಿ.

ನಂದಿಗಾಳಿ: ಸೆಮಿಕೋಲನ್ ಗೊತ್ತಿಲ್ಲದವರು ಹೇಳೋದೇ ಹೀಗೆ.

ಚಿಂತಾಮಣಿ ಟೊಮೆಟೊ: ಪಿಯುಸಿ ಇಂಗ್ಲಿಷ್‌ನಲ್ಲಿ ನನಗೆ 92 ಸ್ವಾಮಿ. ನಿಮಗೆಷ್ಟು?

ನಂದಿಗಾಳಿ: ಅಂಕದ ಮಾತು ಇಲ್ಲಿ ಯಾಕೆ?

ಶಿರಾಗೇಟ್: ಜಗಳ ಆಮೇಲೆ. ಸೆಮಿಕೋಲನ್ ಇಟ್ಟೆ. "ಹೌಎವರ್" ಕಂಡ ಕಡೆಯೆಲ್ಲ ಮುಂದೆ ಕಾಮಾನೂ ತುಂಬಿದೆ. ಹಳೇ ಗೆರೆಗಳು ಹೋದವು, ಹೊಸದೊಂದು ಬಂತು! "ಹೌಎವರ್, ಡೀಪ್ ವಿ ಡ್ರಿಲ್ಡ್, ವಿ ಫೌಂಡ್ ನೋ ವಾಟರ್."

ಕೋಲಾರದ ಕೀಲಿಮಣೆ: ನೋಡಿ, ಆಗಲೇ ಹೇಳಿದೆ. ಸಾಫ್ಟ್‌ವೇರೇ ಕೆಟ್ಟಿದೆ.

ನಂದಿಗಾಳಿ: ಅಯ್ಯೋ, ಇದು ಬೇರೆ "ಹೌಎವರ್"! "ಎಷ್ಟೇ ಆಳ ಕೊರೆದರೂ" ಅಂತ ಅರ್ಥ. ಇಲ್ಲಿ "ಹೌಎವರ್ ಡೀಪ್" ಒಟ್ಟಿಗೇ ಇರಬೇಕು, ನಡುವೆ ಕಾಮಾ ಬರಬಾರದು. "ಡ್ರಿಲ್ಡ್" ಆದ ಮೇಲಿನ ಕಾಮಾ ಇರಲಿ. ಈ ವಾಕ್ಯವನ್ನು ಮೊದಲೇ ಹಾಕೋದಲ್ವಾ?

ಶಿರಾಗೇಟ್: ಪದ ಒಂದೇ ಅಲ್ವಾ, ಅದಕ್ಕೇ ಹಾಕಲಿಲ್ಲ. ತೆಗೆದೆ. ಗೆರೆ ಹೋಯಿತು!

ಚಿಂತಾಮಣಿ ಟೊಮೆಟೊ: ಅಂದಹಾಗೆ ಎಷ್ಟು ಅಡಿ ಕೊರೆಸಿದಿರಿ? ನಮ್ಮ ತೋಟದ್ದು 1,200.

ಕೋಲಾರದ ಕೀಲಿಮಣೆ: ನಮ್ಮದು 1,450. ಹೌಎವರ್, ನೀರಿಲ್ಲ.