ದಿನಾ ತೂಕ ನೋಡಬೇಕಾ, ವಾರದ ಲೆಕ್ಕ ಸಾಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತೂಕ ಇಳಿಸುತ್ತಿರುವವರು, ಇಳಿಸಿ ಗೆದ್ದವರು ದಯವಿಟ್ಟು ಸ್ವಲ್ಪ ಹೇಳಿ.

ರಾತ್ರಿ ಅನ್ನ ಬಿಟ್ಟು ಸಣ್ಣ ರಾಗಿಮುದ್ದೆ, ಸೊಪ್ಪಿನ ಸಾರು ತಿನ್ನುತ್ತಿದ್ದೇನೆ. ಬೆಳಗ್ಗೆ ಬಿರುಸಾಗಿ ನಡೆಯುತ್ತೇನೆ, ಈಚೆಗೆ ಡಂಬೆಲ್ ಕೂಡ ಶುರು ಮಾಡಿದ್ದೇನೆ. ದಿನಾ ಎದ್ದ ಮೇಲೆ ಖಾಲಿ ಹೊಟ್ಟೆಯಲ್ಲೇ ತೂಕ ನೋಡುತ್ತೇನೆ. ಒಂದು ದಿನ 74.2 ಇದ್ದದ್ದು ಮಾರನೇ ದಿನ 75.3! ಮದುವೆ ಊಟ ಮಾಡಿ ಬಂದರಂತೂ ಇನ್ನೂ ಜಾಸ್ತಿ.

ಒಂದೇ ರಾತ್ರಿಯಲ್ಲಿ ಒಂದು ಕಿಲೋ ಕೊಬ್ಬು ಸೇರುವುದಿಲ್ಲ ಅಂತ ಗೊತ್ತು. ಅದಕ್ಕೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಉಪ್ಪಿನಕಾಯಿ, ಹಪ್ಪಳದ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಅನ್ನ, ಸಿಹಿ ಜಾಸ್ತಿಯಾದರೆ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಸೇರುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು. ಮುಟ್ಟಿನ ಮುಂಚಿನ ದಿನಗಳಲ್ಲೂ ಮೈ ನೀರು ಹಿಡಿಯುತ್ತದೆ. ಇಷ್ಟೆಲ್ಲಾ ತಿಳಿದಿದ್ದರೂ ಅಂಕಿ ಏರಿದ ದಿನ ಮನಸ್ಸು ಕುಗ್ಗುತ್ತದೆ. ತಿಂಡಿ ಬಿಟ್ಟುಬಿಡೋಣ ಅನ್ನಿಸುತ್ತದೆ. ಹಾಗೆ ಉಪವಾಸ ಬೀಳುವುದು ನನಗೆ ಖಂಡಿತ ಬೇಡ.

ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿ ಜೊತೆ ನೋಡುವವರು ಇದ್ದೀರಾ? ಅದರಿಂದ ಮನಸ್ಸಿಗೆ ನಿರಾಳ ಆಯಿತಾ? ಅಥವಾ ವಾರಕ್ಕೊಮ್ಮೆ ಮಾತ್ರ ನೋಡುವುದೇ ಒಳ್ಳೆಯದಾ? ಹೊಸದಾಗಿ ಭಾರ ಎತ್ತುವಾಗ ಸ್ನಾಯುಗಳಲ್ಲೂ ನೀರು ನಿಲ್ಲುತ್ತದೆ ಅಲ್ವಾ, ನಿಮಗೆ ಅದು ಎಷ್ಟು ವಾರಕ್ಕೆ ಸರಿಹೋಯಿತು? ಟೇಪ್ ಹಿಡಿದು ಸೊಂಟದ ಅಳತೆ ಮಾತ್ರ ನೋಡುವವರೂ ಹೇಳಿ. ನನ್ನ ಚೂಡಿದಾರ ಸೊಂಟದಲ್ಲಿ ಸಡಿಲವಾಗಿದೆ, ಅದೊಂದು ಖುಷಿ.

ಶೇಕ್, ಪುಡಿ ಮಾರುವವರು ದಯವಿಟ್ಟು ಮೆಸೇಜ್ ಮಾಡಬೇಡಿ. ಸ್ವಂತ ಅನುಭವ ಇರುವವರ ಮಾತು ಬೇಕು.